ಕಾರಿನ ತಂಪು ಕೈಕೊಟ್ಟಾಗ

ಕಾರಿನ ಎ.ಸಿ. ಕೆಟ್ಟರೆ ಮೆಕ್ಯಾನಿಕ್ ಬಳಿ ಹೋಗಬೇಕು, ಆರೋಗ್ಯ ಅಂಕಣದಲ್ಲಿ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಪ್ರಯಾಣ ಮಾಡಿದವರು ಹಾಗೆ ಕೇಳಲಾರರು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಗಾಜು ಏರಿಸಿದ ಕಾರು, ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ ಅಥವಾ ಎರಡು ವರ್ಷದ ಮಗು. ಇಂತಹ ಹೊತ್ತಿನಲ್ಲಿ ಎ.ಸಿ. ಬಿಸಿಗಾಳಿ ಬಿಡತೊಡಗಿದರೆ ಅದು ಯಂತ್ರದ ತೊಂದರೆ ಮಾತ್ರವಲ್ಲ, ದೇಹದ ತೊಂದರೆಯೂ ಹೌದು. ಆದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ: ‘ಇನ್ನೇನು ಊರು ಬಂತು’ ಎಂದು ಸಹಿಸಿಕೊಂಡು ಹೋಗುವುದು, ಮರುದಿನ ‘ಸ್ವಲ್ಪ ಗ್ಯಾಸ್ ತುಂಬಿಸಿಬಿಡಿ’ ಎನ್ನುವುದು. ಇವೆರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ದೇಹದ ವಿಚಾರ. ಸೆಖೆಯಲ್ಲಿ ನಮ್ಮನ್ನು ಕಾಪಾಡುವುದು ಬೆವರು; ಅದೂ ಆವಿಯಾದರೆ ಮಾತ್ರ. ಗಾಜು ಮುಚ್ಚಿದ ಕಾರಿನಲ್ಲಿ ನಾಲ್ಕೈದು ಜನರ ಉಸಿರು, ಬೆವರು ಸೇರಿ ಗಾಳಿ ತೇವವಾಗುತ್ತದೆ, ಬೆವರು ಆರುವುದಿಲ್ಲ. ಮೊದಲು ತಲೆನೋವು, ಸುಸ್ತು, ವಾಕರಿಕೆ, ಕಾಲಿನ ಸೆಳೆತ ಬರುತ್ತವೆ. ಇದನ್ನು ಅಲಕ್ಷಿಸಿದರೆ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ (104 ಫ್ಯಾರನ್‌ಹೀಟ್) ಮೀರಿ, ಮಾತು ತೊದಲಿ, ಪ್ರಜ್ಞೆ ತಪ್ಪಬಹುದು. ಇದೇ ಉಷ್ಣಾಘಾತ. ಇದರಲ್ಲಿ ಬೆವರು ನಿಂತೇ ಹೋಗಿರುತ್ತದೆ ಎಂಬ ನಂಬಿಕೆಯಿದೆ. ಮೈ ಬೆವರುತ್ತಿರುವಾಗಲೂ ಉಷ್ಣಾಘಾತ ಆಗಬಹುದು. ಹೃದ್ರೋಗ, ಮಧುಮೇಹ ಇರುವವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಎಳೆಯ ಮಕ್ಕಳು ಬಹುಬೇಗ ಬಳಲುತ್ತಾರೆ.

ಆದ್ದರಿಂದ ತಂಪು ನಿಂತ ಕೂಡಲೇ ಗಾಜುಗಳನ್ನು ಇಳಿಸಿ. ನೆರಳು ಸಿಕ್ಕಲ್ಲಿ ನಿಲ್ಲಿಸಿ ಎಲ್ಲರೂ ಕೆಳಗಿಳಿಯಿರಿ. ಹೊರಗಿನ ಗಾಳಿ ದೇಹಕ್ಕಿಂತ ಬಿಸಿಯಾಗಿದ್ದಾಗ ಬರೀ ಗಾಳಿ ಬೀಸಿದರೆ ಪ್ರಯೋಜನ ಕಡಿಮೆ. ಒದ್ದೆ ಬಟ್ಟೆಯಿಂದ ಮುಖ, ಕತ್ತು, ಕೈಗಳನ್ನು ಒರೆಸುತ್ತಾ ಗಾಳಿ ಬೀಸಬೇಕು. ನೀರು, ಮಜ್ಜಿಗೆ ಅಥವಾ ಓ.ಆರ್.ಎಸ್. ಗುಟುಕು ಗುಟುಕಾಗಿ ಕೊಡಿ. ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಕೂಡದು. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ನೀರು ಸುರಿಯುತ್ತಾ ಇರಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ಯಂತ್ರದ ಕಡೆ ನೋಡೋಣ. ಇಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರ್ ಅದರ ಶಾಖವನ್ನು ಹೊರಹಾಕುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕಾಯಿಲ್ ಒಳಗಿನ ಗಾಳಿಯ ಶಾಖ ಹಾಗೂ ತೇವವನ್ನು ಹೀರುತ್ತದೆ. ಕಾರಿನ ಕೆಳಗೆ ತೊಟ್ಟಿಕ್ಕುವ ಶುದ್ಧ ನೀರು ಆ ತೇವವೇ; ಅದಕ್ಕೆ ಗಾಬರಿ ಬೇಡ.

ರೋಗಿಯನ್ನು ಪರೀಕ್ಷಿಸುವಂತೆ ಇಲ್ಲೂ ಲಕ್ಷಣಗಳನ್ನು ಗಮನಿಸಿ. ಮೊದಲಿಗೆ ಗುಂಡಿ ಬಿಸಿಯ ಕಡೆಗೆ ತಿರುಗಿದೆಯೇ ನೋಡಿ. ಮಕ್ಕಳ ಕೈಚಳಕ ಇರಬಹುದು. ಗಾಳಿ ತಣ್ಣಗಿದ್ದು ರಭಸ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿರುವ ಸಂಭವ ಹೆಚ್ಚು. ಬಹಳ ಹೊತ್ತು ಓಡಿದ ಮೇಲೆ ಗಾಳಿಯೇ ಕುಗ್ಗಿದರೆ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿರಬಹುದು, ಎ.ಸಿ. ಆರಿಸಿ ಫ್ಯಾನನ್ನು ಮಾತ್ರ ಸ್ವಲ್ಪ ಹೊತ್ತು ಓಡಿಸಿದರೆ ಕರಗುತ್ತದೆ. ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಿಲ್ಲ ಅಥವಾ ಕಂಡೆನ್ಸರ್‌ಗೆ ಕೆಸರು, ಧೂಳು ಮೆತ್ತಿದೆ ಎಂದು ಊಹಿಸಬಹುದು. ಗಾಳಿ ರಭಸವಾಗಿದ್ದೂ ಸದಾ ಬೆಚ್ಚಗಿದ್ದರೆ ಕಂಪ್ರೆಸರ್, ಅದರ ವಿದ್ಯುತ್ ಸಂಪರ್ಕ ಅಥವಾ ಅನಿಲ, ಇವುಗಳಲ್ಲಿ ದೋಷವಿರಬಹುದು. ಅದು ಬಲ್ಲವರ ಕೆಲಸ.

ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೂ ನೋಡಿ. ಇಂಜಿನ್ ಕಾದಾಗ ಅನೇಕ ಕಾರುಗಳಲ್ಲಿ ಎ.ಸಿ. ತಾನಾಗಿಯೇ ನಿಲ್ಲುತ್ತದೆ. ಆಗ ಆತುರದಿಂದ ರೇಡಿಯೇಟರ್ ಮುಚ್ಚಳ ತಿರುಗಿಸಬೇಡಿ. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮುಖ, ಕೈ ಸುಟ್ಟುಕೊಳ್ಳುವ ಅಪಾಯವಿದೆ.

ಇನ್ನು ಗ್ಯಾಸ್ ತುಂಬಿಸುವ ಚಾಳಿ. ಪೆಟ್ರೋಲಿನಂತೆ ಈ ಅನಿಲ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ಸುತ್ತುತ್ತಿರುತ್ತದೆ. ವರ್ಷಾನುಗಟ್ಟಲೆ ಕಳೆದಾಗ ಅಲ್ಪಸ್ವಲ್ಪ ಜಿನುಗಬಹುದು. ಆದರೆ ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಕಾರಣ ಹುಡುಕದೆ ತುಂಬಿಸುವುದು, ಜ್ವರದ ಮೂಲ ತಿಳಿಯದೆ ದಿನವೂ ಮಾತ್ರೆ ನುಂಗಿದಂತೆ. ಅಳತೆ ಮೀರಿ ತುಂಬಿಸಿದರೂ ತಂಪು ಕಡಿಮೆಯಾಗುತ್ತದೆ. ಓಝೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಅನಿಲವನ್ನು ಕೈಬಿಡಲು 1987ರ ಮಾಂಟ್ರಿಯಲ್ ಒಪ್ಪಂದ ದಾರಿ ಮಾಡಿತು. ಅದರ ಬದಲಿಗೆ ಬಂದು ಇಂದಿಗೂ ಅನೇಕ ಕಾರುಗಳಲ್ಲಿರುವ ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಅದನ್ನು ಗಾಳಿಗೆ ಬಿಟ್ಟು ಮುಂದಿನ ಬೇಸಿಗೆಯನ್ನು ಇನ್ನಷ್ಟು ಸುಡುವಂತೆ ಮಾಡುವುದು ಜಾಣತನವಲ್ಲ. ಈ ಅನಿಲ ದ್ರವರೂಪದಲ್ಲಿ ಚರ್ಮಕ್ಕೆ ಅಥವಾ ಕಣ್ಣಿಗೆ ತಾಗಿದರೆ ಆ ಭಾಗ ಹೆಪ್ಪುಗಟ್ಟಿ ಗಾಯವಾಗುತ್ತದೆ. ಮನೆಯಲ್ಲೇ ಕೊಳವೆ ಬಿಚ್ಚುವ ಸಾಹಸ ಬೇಡ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಐದು ನಿಮಿಷ, ಅಂಗಡಿಗೆ ಹೋಗಿ ಬರುತ್ತೇನೆ’ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಗಳಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು. ಗಾಜನ್ನು ಎರಡು ಬೆರಳು ಇಳಿಸಿಟ್ಟರೆ ಹೆಚ್ಚೇನೂ ಉಪಯೋಗವಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಕಾಯುತ್ತದೆ. ಎ.ಸಿ. ಚಾಲೂ ಮಾಡಿ ಹೋಗಿದ್ದೇನೆ ಎಂಬ ಸಮಾಧಾನವೂ ಸಲ್ಲದು. ಅದು ಯಾವ ಕ್ಷಣದಲ್ಲಿ ನಿಲ್ಲುತ್ತದೆ ಎಂಬುದು ಒಳಗಿರುವ ಕೂಸಿಗೆ ತಿಳಿಯದು, ತಿಳಿದರೂ ಅದು ಬಾಗಿಲು ತೆರೆಯಲಾರದು.

ಬೇಸಿಗೆಗೆ ಮುಂಚೆಯೇ, ಫೆಬ್ರವರಿಯಲ್ಲಿ ಒಮ್ಮೆ ಫಿಲ್ಟರ್, ಫ್ಯಾನ್, ಸೋರಿಕೆ ಇವನ್ನು ಪರೀಕ್ಷೆ ಮಾಡಿಸಿ. ದೂರ ಪ್ರಯಾಣಕ್ಕೆ ತಲೆಗೊಂದು ಬಾಟಲಿ ನೀರು, ಎರಡು ಹತ್ತಿಬಟ್ಟೆ, ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಹಿರಿಯರು ಜೊತೆಗಿದ್ದರೆ ನಡು ಮಧ್ಯಾಹ್ನದ ಪ್ರಯಾಣವನ್ನೇ ತಪ್ಪಿಸಿ. ಕಾರಿನ ಎ.ಸಿ. ನಾಳೆ ದುರಸ್ತಿಯಾದೀತು, ಊರನ್ನು ಒಂದು ಗಂಟೆ ತಡವಾಗಿ ತಲುಪಿದರೆ ನಷ್ಟವೇನೂ ಇಲ್ಲ.