ಎರಡು ಚುಕ್ಕಿಯ ಶೋಕಿ

ಇಂಗ್ಲಿಷಿನಲ್ಲಿ ಬರೆಯೋರಿಗೆ ಒಂದು ಗೀಳು. ಪಕ್ಕದ ಮನೆಯವನ ಹೊಸ ಕಾರು ಕೆಟ್ಟು ನಿಂತಾಗ ಒಳಗೊಳಗೇ ಆಗುವ ಖುಷಿಗೆ ‘ಶಾಡನ್‌ಫ್ರಾಯ್ಡ’ ಅಂತ ಹೆಸರಿಟ್ಟುಬಿಟ್ಟರೆ ಆ ಸಣ್ಣತನಕ್ಕೂ ಒಂದು ತೂಕ ಬಂದಂಗೆ! ‘ಇಂಥ ಪದ ಬೇರೆ ಯಾವ ಭಾಷೇಲೂ ಇಲ್ಲ ಗೊತ್ತಾ’ ಅನ್ನೋದು ಮೇಲಿನ ಒಗ್ಗರಣೆ. ಅಲ್ಲ ಸ್ವಾಮಿ, ಜರ್ಮನ್ನರು ಮಾಡಿದ್ದಾದರೂ ಏನು? ‘ಹಾನಿ’, ‘ಖುಷಿ’ ಅನ್ನೋ ಎರಡು ದಿನಬಳಕೆಯ ಮಾತನ್ನು ಅಂಟಿಸಿದರು. ನಾವು ಹೊಟ್ಟೆಗೆ ಕಿಚ್ಚು ಸೇರಿಸಿ ‘ಹೊಟ್ಟೆಕಿಚ್ಚು’ ಮಾಡಿಕೊಂಡ ಹಾಗೇ. ಅದನ್ನು ಯಾರೂ ತತ್ತ್ವಶಾಸ್ತ್ರ ಅಂತ ಮೆರೆಸಲಿಲ್ಲ.

ಪದ ಕಡ ತರೋದು ತಪ್ಪು ಅಂತ ನಾನು ಹೇಳುತ್ತಿಲ್ಲ. 1840ರಲ್ಲಿ ಫ್ರೀಡ್ರಿಶ್ ಫ್ರೋಬೆಲ್ ತನ್ನ ಮಕ್ಕಳ ಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಕಲ್ಪನೆಯ ಜೊತೆಗೇ ಪದವೂ ಊರೂರು ಸುತ್ತಿತು. ಬೆನ್ನಿಗೆ ಹಾಕುವ ಚೀಲಕ್ಕೆ ‘ರಕ್‌ಸ್ಯಾಕ್’ ಅಂದರು. ಇವು ದುಡಿಯೋಕೆ ಬಂದ ಪದಗಳು. ನನ್ನ ತಕರಾರು ಶೋಕಿಗೆ ತಂದಿಟ್ಟವುಗಳ ಬಗ್ಗೆ.

ಶೋಕಿಯ ಪರಮಾವಧಿ ಅಂದ್ರೆ ಅಕ್ಷರದ ತಲೆ ಮೇಲಿನ ಆ ಎರಡು ಚುಕ್ಕಿ, ಉಮ್ಲೌಟ್. ಇಂಗ್ಲೆಂಡಿನ ಮೋಟರ್‌ಹೆಡ್ ಅನ್ನೋ ರಾಕ್ ತಂಡ ತನ್ನ ಹೆಸರಿನ ‘ಓ’ ಮೇಲೆ ಚುಕ್ಕಿ ಇಟ್ಟುಕೊಂಡಿತು. ಉಚ್ಚಾರಕ್ಕಲ್ಲ, ನೋಡೋಕೆ ಭಯಂಕರವಾಗಿರಲಿ ಅಂತ. ಹಾಗನ್‌ಡಾಜ್ ಐಸ್‌ಕ್ರೀಮು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಡೆನ್ಮಾರ್ಕಿನದು ಅನ್ನಿಸಲಿ ಅಂತ ಕಟ್ಟಿದ ಹೆಸರದು. ಅದರಲ್ಲಿರುವ ಚುಕ್ಕಿಯ ‘ಎ’ ಡೇನಿಷ್ ವರ್ಣಮಾಲೆಯಲ್ಲೇ ಇಲ್ಲ!

ಜರ್ಮನ್ನಿನಲ್ಲಿ ಆ ಚುಕ್ಕಿ ಅಲಂಕಾರವಲ್ಲ. ‘ಎ’ ಅನ್ನೋಕೆ ನಾಲಿಗೆ ಇಟ್ಟು, ‘ಒ’ ಅನ್ನೋಕೆ ತುಟಿ ದುಂಡಗೆ ಮಾಡಿ, ಆಗ ಬರೋ ಸ್ವರವೇ ಚುಕ್ಕಿಯ ‘ಓ’. ‘ಶೋನ್’ ಅಂದರೆ ಆಗಲೇ. ಅದಕ್ಕೇ ಚುಕ್ಕಿ ಇಟ್ಟರೆ ಚೆಂದ ಅನ್ನೋ ಅರ್ಥ. ನಮ್ಮ ಬಾಳೆಯ ದೀರ್ಘ ಕಿತ್ತರೆ ಬಳೆ ಆಗಲ್ವಾ, ಹಾಗೆ. ಯಾರಾದರೂ ಅಂದ ಕಾಣಲಿ ಅಂತ ನಮ್ಮ ಕೊಂಬು, ದೀರ್ಘಗಳನ್ನು ಐಸ್‌ಕ್ರೀಮ್ ಡಬ್ಬಿಗೆ ಅಂಟಿಸಿದರೆ ನಾವು ಸುಮ್ಮನಿರ್ತೀವಾ?

‘ಇರಲಿ ಬಿಡ್ರೀ, ಪ್ರೀತಿಯಿಂದ ತಾನೇ’ ಅನ್ನಬಹುದು. ಆ ಪ್ರೀತಿಯ ಆಯುಸ್ಸು ಎಷ್ಟು? ಮೊದಲ ಮಹಾಯುದ್ಧ ಬಂದಾಗ ಅಮೆರಿಕದವರಿಗೆ ಸೌರ್‌ಕ್ರೌಟ್ ಅನ್ನೋ ಹುಳಿ ಎಲೆಕೋಸು ಬೇಕಿತ್ತು, ಹೆಸರು ಬೇಡವಾಯ್ತು. ‘ಲಿಬರ್ಟಿ ಕ್ಯಾಬೇಜ್’ ಅಂತ ಕರೆದರು. 1917ರಲ್ಲಿ ಬ್ರಿಟನ್ನಿನ ರಾಜಮನೆತನವೇ ತನ್ನ ಜರ್ಮನ್ ಹೆಸರು ಕಳಚಿ ‘ವಿಂಡ್ಸರ್’ ಆಯ್ತು. ಒಡವೆ ಅಂತ ಹಾಕಿಕೊಂಡದ್ದನ್ನು ತೆಗೆದಿಡೋದೂ ಅಷ್ಟೇ ಸಲೀಸು.

ನಮಗಿರೋ ನಂಟು ಬೇರೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಜರ್ಮನಿಯವನು. ಅವನ ಹೆಸರಿನ ‘ಓ’ ಮೇಲೆ ನಿಜವಾದ ಎರಡು ಚುಕ್ಕಿ ಇವೆ. ಇಂಗ್ಲಿಷ್ ಬರಹಗಳಲ್ಲಿ ಎಷ್ಟೋ ಕಡೆ ಅವು ಉದುರಿಹೋಗಿರುತ್ತವೆ. ಕನ್ನಡ ಲಿಪಿಯಲ್ಲಿ ಆ ಸ್ವರವಿಲ್ಲ, ಅದು ನಮ್ಮ ತಪ್ಪಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಗಿಟಾರಿನವರಿಗೆ ಸಿಗೋ ಚುಕ್ಕಿ, ನಮ್ಮ ಭಾಷೆ ಕಲಿತು ಅಚ್ಚು ಮಾಡಿದವನಿಗೆ ಯಾಕೆ ಸಿಗಬಾರದು?

ಶಾಡನ್‌ಫ್ರಾಯ್ಡ ಬೇಕಾದರೆ ಬಳಸಿ. ಮೊದಲು ಮೊಗ್ಲಿಂಗನ ಚುಕ್ಕಿ ಅವನಿಗೆ ವಾಪಸ್ ಕೊಡಿ.