ಕ್ವಾಂಟಮ್ ಗಣಕವೂ ಪಹಣಿಯ ಸಹಿಯೂ

ಈಚೆಗೆ ಕಾರ್ಯನಿಮಿತ್ತವಾಗಿ ನಂಜನಗೂಡಿಗೆ ಹೋಗಿದ್ದಾಗ ಸಮೀಪದ ಕಳಲೆಗೂ ಹೋಗಿ ಬಂದೆವು. ಅಲ್ಲಿ ವೃದ್ಧ ರೈತರೊಬ್ಬರು ತಮ್ಮ ಪಹಣಿಯನ್ನು ಮಡಿಸಿ ಜೇಬಿನಲ್ಲಿಡುತ್ತ, “ಬೆಂಗಳೂರಿಗೆ ಹೊಸ ಯಂತ್ರವೊಂದು ಬರುತ್ತದಂತೆ, ಅದು ಬಂದರೆ ಬ್ಯಾಂಕಿನ ಬೀಗವೆಲ್ಲ ತಾನಾಗಿ ತೆರೆದುಕೊಳ್ಳುವುದಂತೆ, ಹೌದೆ?” ಎಂದು ಕೇಳಿದರು. ಜತೆಯಲ್ಲಿದ್ದ ವಿದ್ಯಾವಂತರು ನಕ್ಕರು. ನಮಗೆ ನಗು ಬರಲಿಲ್ಲ.

ಕ್ವಾಂಟಮ್ ಗಣಕವೆಂದರೆ ಈಗಿನ ಗಣಕಕ್ಕಿಂತ ವೇಗವಾದುದು, ಅಷ್ಟೇ ಎಂದು ಅನೇಕರು ಭಾವಿಸಿರುವರು. ಅದು ತಪ್ಪು ತಿಳಿವಳಿಕೆ. ಸಾಮಾನ್ಯ ಗಣಕದ ಬಿಟ್ ಸೊನ್ನೆಯಾಗಿರಬೇಕು, ಇಲ್ಲವೆ ಒಂದಾಗಿರಬೇಕು. ಕ್ಯೂಬಿಟ್ ಎಂಬುದು ಅಳೆದು ನೋಡುವವರೆಗೂ ಎರಡರ ಮಿಶ್ರಸ್ಥಿತಿಯಲ್ಲಿರಬಲ್ಲದು. ಕೆರೆಯಲ್ಲಿ ಎರಡು ಅಲೆಗಳು ಕೂಡಿ ಒಂದೆಡೆ ಏಳುವಂತೆಯೂ ಮತ್ತೊಂದೆಡೆ ಅಡಗುವಂತೆಯೂ, ತಪ್ಪು ಉತ್ತರಗಳಡಗಿ ಸರಿಯಾದುದು ಮೇಲೇಳುವ ಹಾಗೆ ಲೆಕ್ಕವನ್ನು ಹೂಡಬೇಕು. ಹಾಗೆ ಹೂಡಬಲ್ಲ ಲೆಕ್ಕಗಳು ಕೆಲವೇ. ಅಮೆರಿಕದ ಪೀಟರ್ ಶೋರ್ ಎಂಬ ವಿದ್ವಾಂಸರು 1994ರಲ್ಲಿ ತೋರಿಸಿಕೊಟ್ಟುದು ಅಂಥದೊಂದು: ಬೃಹತ್ ಸಂಖ್ಯೆಯನ್ನು ಅದರ ಅಪವರ್ತನಗಳಾಗಿ ಒಡೆಯುವ ಕ್ರಮ. ಬ್ಯಾಂಕುಗಳ ಗುಪ್ತಲಿಪಿಯೂ ದಾಖಲೆಗಳ ಮೇಲಿನ ಡಿಜಿಟಲ್ ಸಹಿಯೂ ಬಹುಮಟ್ಟಿಗೆ ಇಂತಹ ಲೆಕ್ಕಗಳು ಬಿಡಿಸಲಾಗದವೆಂಬ ನಂಬಿಕೆಯ ಮೇಲೆ ನಿಂತಿವೆ. ರೈತರ ಮಾತಿನಲ್ಲಿ ಹುರುಳಿರುವುದು ಇಲ್ಲಿಯೇ. ಬೀಗವೊಡೆದರೆ ಹಣ ಹೋದೀತು. ಸಹಿಯನ್ನೇ ಸೃಷ್ಟಿಸಬಲ್ಲವನಿಗೆ ಹೊಲವೂ ದಕ್ಕೀತು.

ಅಪಾಯವು ನಾಳೆಯೇ ಬರತಕ್ಕದ್ದಲ್ಲ. ಕ್ಯೂಬಿಟ್ಟುಗಳು ಅತಿ ಸುಕುಮಾರವಾದವು. ಕೆಲವು ಬಗೆಯವನ್ನು ಮೈನಸ್ 273 ಡಿಗ್ರಿಯ ಸಮೀಪದ ಶೈತ್ಯದಲ್ಲಿಟ್ಟರೂ ತಪ್ಪುಮಾಡುತ್ತವೆ. ಗೂಗಲ್ ಕಂಪನಿಯವರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ವಿಲೋ’ದಲ್ಲಿ ಇದ್ದುದು 105 ಕ್ಯೂಬಿಟ್ಟುಗಳು, ಬೆಂಗಳೂರಿನ ಕ್ಯೂಪಿಎಐ ಸಂಸ್ಥೆಯವರು 2025ರ ಏಪ್ರಿಲಿನಲ್ಲಿ ಹೊರತಂದ ‘ಇಂಡಸ್’ನಲ್ಲಿ 25. ಈಗ ಬಳಕೆಯಲ್ಲಿರುವ ಬೀಗವನ್ನೊಡೆಯಲು ಎರಡು ಕೋಟಿ ಬೇಕೆಂದು 2019ರಲ್ಲಿ ಗಣಿಸಲಾಗಿತ್ತು. ಹಾಗೆ ಗಣಿಸಿದವರಲ್ಲೊಬ್ಬರೇ 2025ರಲ್ಲಿ ಹತ್ತು ಲಕ್ಷಕ್ಕೂ ಕಡಿಮೆ ಸಾಕೆಂದರು. ಲೆಕ್ಕದ ಜಾಣತನ ಮಾತ್ರದಿಂದಲೇ ಗುರಿಯು ಆರು ವರ್ಷಗಳಲ್ಲಿ ಇಪ್ಪತ್ತು ಪಾಲು ಹತ್ತಿರವಾಯಿತು! ಇದನ್ನು ಅಧಿಕಾರಿವರ್ಗದವರು ಚೆನ್ನಾಗಿ ಮನನಮಾಡಬೇಕು. ಇಂದು ಕದ್ದಿಟ್ಟ ಗುಪ್ತಪತ್ರವನ್ನು ಅಂದು ಬಿಚ್ಚಿ ಓದಬಹುದಲ್ಲವೆ?

ಹೊಸ ಬೀಗಗಳು ಇಲ್ಲದಿಲ್ಲ. ಅಮೆರಿಕದ ಮಾನದಂಡ ಸಂಸ್ಥೆಯು 2024ರ ಆಗಸ್ಟಿನಲ್ಲಿಯೇ ಅಂತಹ ಮೂರು ಕ್ರಮಗಳನ್ನು ಪ್ರಕಟಿಸಿದೆ. ಅವುಗಳನ್ನು ಪ್ರತಿಯೊಂದು ಕಚೇರಿಯಲ್ಲಿಯೂ ಅಳವಡಿಸುವುದು ವರ್ಷಗಟ್ಟಲೆಯ ಕೆಲಸ. ನುರಿತ ಕೈಗಳ ಕೆಲಸ.

ಕೇಂದ್ರ ಸರ್ಕಾರದವರು 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003 ಕೋಟಿ ರೂಪಾಯಿಗಳನ್ನು ಒಪ್ಪಿದರು. ಅದರ ಗಣಕ ವಿಭಾಗದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಇದು ನಮಗೆ ಅಭಿಮಾನದ ವಿಷಯ. 2025ರ ಜುಲೈ 31ರಂದು ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ರಾಜ್ಯದ ಪರವಾಗಿ ಸಾವಿರ ಕೋಟಿಯ ಯೋಜನೆಯನ್ನು ಸಾರಿ, 2035ರ ವೇಳೆಗೆ ಇಪ್ಪತ್ತು ಬಿಲಿಯನ್ ಡಾಲರುಗಳ ಉದ್ಯಮವನ್ನು ಕಟ್ಟುವ ಗುರಿಯನ್ನು ಮುಂದಿಟ್ಟರು. ಗುರಿಯನ್ನು ನಾವು ಹಳಿಯುವುದಿಲ್ಲ. ಆದರೆ ಕಳಲೆಯಲ್ಲಿ ನಿಂತವರಿಗೆ ಇನ್ನೊಂದು ವೆಚ್ಚವು ನೆನಪಾಗದಿರದು. ಆ ಮನೆತನದ ನಂಜರಾಜಯ್ಯನವರು 1752ರಿಂದ 1755ರವರೆಗೆ, ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದಾಲಿಯ ವಾಗ್ದಾನವನ್ನು ನಂಬಿ, ಮೈಸೂರಿನ ಬೊಕ್ಕಸವನ್ನು ಆ ಕೋಟೆಯ ಮುಂದೆ ಸುರಿದು ಬರಿಗೈಯಲ್ಲಿ ಹಿಂದಿರುಗಿದರು. 1758ರ ವೇಳೆಗೆ ಸೈನಿಕರಿಗೆ ಸಂಬಳ ಕೊಡಲೂ ಹಣವಿರಲಿಲ್ಲ.

ಪರದೇಶದ ಯಂತ್ರಗಳನ್ನು ಕೊಳ್ಳುವ ಮೊದಲು ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಕಾಲೇಜುಗಳಲ್ಲಿ ಈ ಗಣಿತವನ್ನು ಕಲಿಸುವವರಿಗೆ ಸಂಬಳ ದೊರೆಯಲಿ. ಕಂದಾಯ ಇಲಾಖೆಯವರು ಭೂದಾಖಲೆಗಳ ಸಹಿಯನ್ನು ಯಾವ ವರ್ಷದೊಳಗೆ ಹೊಸ ಕ್ರಮಕ್ಕೆ ಬದಲಿಸುವರೆಂಬುದನ್ನು ಕನ್ನಡದಲ್ಲಿಯೇ ಪ್ರಕಟಿಸಲಿ. ವಿಚಾರಿಸಿ ತಿಳಿಸುತ್ತೇವೆಂದು ಕಳಲೆಯ ಆ ರೈತರಿಗೆ ನಾವು ಮಾತು ಕೊಟ್ಟು ಬಂದಿದ್ದೇವೆ.