ಮೂತ್ರಪಿಂಡ, ಉಪ್ಪು ಮತ್ತು ನಿಲ್ಲಿಸಿದ ಗುಳಿಗೆ

ವಾರದಲ್ಲಿ ಒಂದು ದಿನ ನಾನು ಖಾನಾಪುರದಲ್ಲಿ ರೋಗಿಗಳನ್ನು ನೋಡುತ್ತೇನೆ. ಉಳಿದ ದಿನಗಳು ಬೆಳಗಾವಿಯ ಶಹಾಪುರದಲ್ಲಿ. ಕಳೆದ ಮಳೆಗಾಲ, ಭತ್ತದ ನಾಟಿ ಮುಗಿದ ವಾರ, ಬೀಡಿ ಭಾಗದ ರೈತರೊಬ್ಬರು ಪತ್ನಿಯೊಡನೆ ಬಂದರು. ವಯಸ್ಸು ಅರವತ್ತರ ಸಮೀಪ. ಮೊಣಕಾಲು ನೋವಿಗೆ ಎಣ್ಣೆ ಬೇಕೆಂದರು. ರೂಢಿಯಂತೆ ರಕ್ತದೊತ್ತಡ ಅಳೆದೆ: 178/104.

‘ಗುಳಿಗಿ ಬಂದ್ ಮಾಡಿ ಎಂಟ್ ತಿಂಗಳಾತ್ರಿ ಡಾಕ್ಟ್ರ. ಬಿ.ಪಿ. ನಾರ್ಮಲ್ ಐತಿ ಅಂದಿದ್ರು. ಈಗ ನಿಮ್ಮ ಆಯುರ್ವೇದದ ಕಷಾಯ ನಡದೈತಿ. ಇನ್ನ ಆ ಇಂಗ್ಲಿಷ್ ಔಷಧ ಯಾಕ ಬೇಕ್ರಿ?’

ಆ ಕಷಾಯ ನಾನು ಕೊಟ್ಟದ್ದಲ್ಲ. ಯಾರೋ ಊರಿಗೆ ತಂದು ಮಾರಿ ಹೋದದ್ದು. ಆದರೂ ‘ನಿಮ್ಮ ಆಯುರ್ವೇದ’ ಎಂಬ ಮಾತು ನನ್ನನ್ನು ತಾಗದೆ ಇರಲಿಲ್ಲ. ಸದ್ಭಕ್ತ ಬಂಧುಗಳೇ, ನಾಲ್ಕು ದಶಕಗಳಿಂದ ಆಯುರ್ವೇದವನ್ನೇ ನಂಬಿ ಬದುಕಿದವನು ನಾನು. ಆದುದರಿಂದ ಈ ಮಾತನ್ನು ಅಲೋಪತಿ ವೈದ್ಯರಿಗಿಂತ ನಾನೇ ಹೇಳುವುದು ಉಚಿತ: ಆಯುರ್ವೇದದ ಹೆಸರು ಹೇಳಿ ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಏಕೆ ಎಂಬುದು ಮೂತ್ರಪಿಂಡಗಳ ಕಾರ್ಯವನ್ನು ಅರಿತರೆ ತಿಳಿಯುತ್ತದೆ.

ಬೆನ್ನಿನ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಯಷ್ಟು ಗಾತ್ರದ ಈ ಎರಡು ಅಂಗಗಳಿವೆ. ಎರಡೂ ಸೇರಿ ಸುಮಾರು 300 ಗ್ರಾಂ ತೂಕ. ಆದರೆ ಹೃದಯವು ಹೊರಹಾಕುವ ರಕ್ತದಲ್ಲಿ ಐದನೆಯ ಒಂದು ಪಾಲು ಇವುಗಳಿಗೇ ಸಲ್ಲುತ್ತದೆ. ಒಂದೊಂದರಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಜರಡಿಗಳು ಸುಮಾರು ಹತ್ತು ಲಕ್ಷ. ಅವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಮಾತ್ರ. ಹಾಗೆ ಸೋಸಿದ ದ್ರವದಲ್ಲಿರುವ ಸೋಡಿಯಂ ಅನ್ನು ಅಡುಗೆಯ ಉಪ್ಪಿನ ಲೆಕ್ಕಕ್ಕೆ ಪರಿವರ್ತಿಸಿದರೆ ಸುಮಾರು ಒಂದೂವರೆ ಕಿಲೊ ಆಗುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನೆಫ್ರಾನ್‌ಗಳು ಮರಳಿ ರಕ್ತಕ್ಕೆ ಸೇರಿಸಿ, ನಾವು ತಿಂದ ಹೆಚ್ಚುವರಿಯನ್ನಷ್ಟೇ ಹೊರಗೆ ಕಳಿಸುತ್ತವೆ. ಹಗಲೂ ರಾತ್ರಿಯೂ ಬಿಡುವಿಲ್ಲದ ಕಾಯಕವಿದು.

ಈ ಲೆಕ್ಕಕ್ಕೂ ರಕ್ತದೊತ್ತಡಕ್ಕೂ ಏನು ನಂಟು? ಉಪ್ಪು ಎಲ್ಲಿರುತ್ತದೆಯೋ ನೀರು ಅಲ್ಲಿ ನಿಲ್ಲುತ್ತದೆ. ಶರೀರದಲ್ಲಿ ಸುಮಾರು ಒಂಬತ್ತು ಗ್ರಾಂ ಉಪ್ಪು ಹೆಚ್ಚಾಗಿ ಉಳಿದರೆ ಅದರೊಂದಿಗೆ ಒಂದು ಲೀಟರ್ ನೀರೂ ಉಳಿಯುತ್ತದೆ. ಖಾನಾಪುರದ ರೈತರಿಗೆ ಇದನ್ನು ಗದ್ದೆಯ ಮಾತಿನಲ್ಲಿ ಹೇಳುತ್ತೇನೆ. ಆಷಾಢದ ಮಳೆಯಲ್ಲಿ ಗದ್ದೆ ತುಂಬಿದರೆ ನೀವು ಬದುವನ್ನು ಸ್ವಲ್ಪ ಕಡಿದು ನೀರು ಬಿಡುತ್ತೀರಿ; ಮಳೆ ನಿಂತರೆ ಮಣ್ಣು ಹಾಕಿ ಮುಚ್ಚುತ್ತೀರಿ. ಶರೀರದ ಬದು ಕಾಯುವ ರೈತನೇ ಮೂತ್ರಪಿಂಡ. ಒತ್ತಡ ಏರಿದರೆ ಉಪ್ಪು ನೀರು ಎರಡನ್ನೂ ಹೊರಬಿಡುತ್ತದೆ, ಇಳಿದರೆ ತಡೆದು ನಿಲ್ಲಿಸುತ್ತದೆ. ಹಾಗಿದ್ದಮೇಲೆ ಒತ್ತಡ ವರ್ಷಗಟ್ಟಲೆ ಏರಿಯೇ ಇದೆ ಎಂದರೆ, ಕಾಯುವವನೇ ಬದುವನ್ನು ಎತ್ತರಿಸಿಕೊಂಡಿದ್ದಾನೆ ಎಂದಾಯಿತು. 1983ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ವರದಿ ಇದಕ್ಕೆ ಒಳ್ಳೆಯ ಸಾಕ್ಷಿ. ಅಧಿಕ ರಕ್ತದೊತ್ತಡದಿಂದಲೇ ಮೂತ್ರಪಿಂಡ ಕಳೆದುಕೊಂಡಿದ್ದ ಆರು ಜನರಿಗೆ, ಸಹಜ ಒತ್ತಡವುಳ್ಳ ದಾನಿಗಳ ಮೂತ್ರಪಿಂಡ ಜೋಡಿಸಿದಾಗ, ಅವರ ರಕ್ತದೊತ್ತಡವೂ ಸಹಜಕ್ಕೆ ಬಂದಿತು.

ನೀರು ಬಿಡುವುದಷ್ಟೇ ಅಲ್ಲ, ಕೂಗಿ ಕರೆಯುವ ವ್ಯವಸ್ಥೆಯೂ ಮೂತ್ರಪಿಂಡಕ್ಕಿದೆ. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರದಲ್ಲಿ ಒತ್ತಡ ಏರಿಸುವ ವಸ್ತುವೊಂದನ್ನು ಕಂಡು ರೆನಿನ್ ಎಂದು ಕರೆದರು. ತನಗೆ ಬರುವ ರಕ್ತ ಕಡಿಮೆಯಾಯಿತೆನಿಸಿದರೆ ಮೂತ್ರಪಿಂಡ ರೆನಿನ್ ಸುರಿಸುತ್ತದೆ. ಅದರಿಂದ ಆಂಜಿಯೊಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಿಂದ ಆಲ್ಡೊಸ್ಟಿರೋನ್ ಹೊರಡಿಸಿ ಉಪ್ಪನ್ನು ತಡೆಹಿಡಿಯುತ್ತದೆ. ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಬೆಳಗಾವಿಯ ಯಾವುದೋ ಗಲ್ಲಿಯ ಕೊನೆಯ ಮನೆಯಲ್ಲಿ ನಳದ ಕೊಳವೆಗೆ ಕೆಸರು ಕಟ್ಟಿದೆ ಎನ್ನಿ. ಆ ಮನೆಯವನು ರಕ್ಕಸಕೊಪ್ಪ ಜಲಾಶಯವೇ ಬತ್ತಿತೆಂದು ಭಾವಿಸಿ ನೀರು ಹೆಚ್ಚು ಬಿಡಿಸಿದರೆ ಇಡೀ ಊರಿನ ಕೊಳವೆಗಳು ಒಡೆದಾವು. ಮೂತ್ರಪಿಂಡದ ರಕ್ತನಾಳ ಕಿರಿದಾದಾಗ ಆಗುವುದು ಹೀಗೆಯೇ. 1934ರಲ್ಲಿ ಗೋಲ್ಡ್‌ಬ್ಲಾಟ್ ಎಂಬ ವೈದ್ಯ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಬಿಗಿದು ಇದನ್ನು ತೋರಿಸಿಕೊಟ್ಟ. ಇಂದು ನಮ್ಮವರು ನುಂಗುವ ಟೆಲ್ಮಿಸಾರ್ಟನ್ ಮುಂತಾದ ಗುಳಿಗೆಗಳು ತಡೆಯುವುದು ಈ ಆಂಜಿಯೊಟೆನ್ಸಿನ್‌ನ ಹಾವಳಿಯನ್ನೇ. ಗುಳಿಗೆ ನುಂಗಿದಾಗ ಒತ್ತಡ ‘ನಾರ್ಮಲ್’ ಆಗುವುದು ಗುಳಿಗೆ ಕೆಲಸ ಮಾಡುತ್ತಿರುವುದರಿಂದ. ರೋಗ ಹೋದುದರಿಂದ ಅಲ್ಲ.

ಏರಿದ ಒತ್ತಡ ಜರಡಿಗಳನ್ನು ಹರಿಯುತ್ತದೆ. ಹರಿದ ಜರಡಿಯ ಮೂತ್ರಪಿಂಡ ಉಪ್ಪನ್ನು ಹೊರಹಾಕಲಾರದೆ ಒತ್ತಡವನ್ನು ಮತ್ತಷ್ಟು ಏರಿಸುತ್ತದೆ. ಈ ಸುಳಿ ನೋವಿಲ್ಲದೆ ತಿರುಗುತ್ತದೆ. ಕಾಲು ಬಾತು, ಉಸಿರು ಹತ್ತಿ ಬರುವಷ್ಟರಲ್ಲಿ ಬಹುಭಾಗ ಕಳೆದುಹೋಗಿರುತ್ತದೆ. ರಕ್ತದ ಕ್ರಿಯಾಟಿನೈನ್ ಕೂಡ ಸುಮಾರು ಅರ್ಧ ಸಾಮರ್ಥ್ಯ ಹೋಗುವವರೆಗೆ ಏರಿದಂತೆ ಕಾಣದಿರಬಹುದು. ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ, ಖರ್ಚೂ ಹೆಚ್ಚಿಲ್ಲ.

ಇನ್ನು ನಮ್ಮ ಶಾಸ್ತ್ರದ ಮಾತು. ‘ಸಂಹಿತೆಗಳಲ್ಲಿ ಎಲ್ಲವೂ ಇದೆ’ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ನಾನು ಆ ಪೈಕಿಯವನಲ್ಲ. ಪ್ರಾಚೀನರು ವೃಕ್ಕಗಳನ್ನು ಬಲ್ಲರು, ಆದರೆ ಅವನ್ನು ಮೇದೋವಹ ಸ್ರೋತಸ್ಸಿನ ಮೂಲವೆಂದರು. ಚರಕರು ಮೂತ್ರವಹ ಸ್ರೋತಸ್ಸಿಗೆ ಮೂಲ ಹೇಳಿದ್ದು ಬಸ್ತಿ ಮತ್ತು ವಂಕ್ಷಣಗಳನ್ನು. ರಕ್ತದೊತ್ತಡವನ್ನು ಅಳೆಯುವ ಸಾಧನ ಅವರಲ್ಲಿರಲಿಲ್ಲ. ಇದನ್ನು ಒಪ್ಪಿಕೊಂಡರೆ ಆಯುರ್ವೇದಕ್ಕೆ ಕುಂದಿಲ್ಲ. ಏಕೆಂದರೆ ಅವರು ಕಣ್ಣಾರೆ ಕಂಡದ್ದನ್ನು ಅಚ್ಚರಿಯಾಗುವಷ್ಟು ನಿಖರವಾಗಿ ಬರೆದಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ, ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳಾಗಿ ಹಿಪ್ಪಲಿ, ಕ್ಷಾರ ಮತ್ತು ಲವಣಗಳನ್ನು ಹೆಸರಿಸಿದ್ದಾರೆ. ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶದವರು ಹಾಲಿಗೂ ಉಪ್ಪು ಹಾಕಿಕೊಳ್ಳುವರೆಂದೂ, ಅತಿ ಲವಣದಿಂದ ಶರೀರ ಶಿಥಿಲವಾಗಿ ದುರ್ಬಲವಾಗುವುದೆಂದೂ ಅಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಎಂದು ಮಿತಿ ಹಾಕುವುದಕ್ಕೆ ಎಷ್ಟು ಶತಮಾನಗಳ ಮೊದಲು!

ನಮ್ಮ ತಾಟಿನಲ್ಲಿ ಉಪ್ಪು ಎಲ್ಲಿಂದ ಬರುತ್ತದೆ? ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿ ನಮ್ಮಲ್ಲಿಲ್ಲ. ಅದು ಹಿರಿಯರ ಜಾಣ್ಮೆಯೇ ಇರಬೇಕೆಂದು ನನಗೆ ಅನೇಕ ಸಲ ಅನಿಸಿದೆ. ಆದರೆ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಉಪ್ಪಿನಕಾಯಿ. ಅನ್ನ ಸಾರಿನೊಡನೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಸಂಜೆ ಮಿರ್ಚಿ ಭಜಿ, ಚಿವಡಾ, ಖಾರಿ ಬಿಸ್ಕಿಟ್. ಬಿಸಿಲಲ್ಲಿ ಬೆವರು ಸುರಿಸುತ್ತಿದ್ದ ಅಜ್ಜನಿಗೆ ಸಲ್ಲುತ್ತಿದ್ದ ಉಪ್ಪು, ಬೆಳಗಾವಿಯಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವ ಮೊಮ್ಮಗನಿಗೆ ಸಲ್ಲದು. ನಾಲಿಗೆಗೆ ಸಪ್ಪೆ ಎನಿಸುವುದು ಕೆಲವು ವಾರ ಮಾತ್ರ. ಆಮೇಲೆ ಹಳೆಯ ಉಪ್ಪೇ ಅತಿಯೆನಿಸತೊಡಗುತ್ತದೆ.

ಸೈಂಧವ ಲವಣ ತಿಂದರೆ ಬಿ.ಪಿ. ಏರದು ಎಂಬ ನಂಬಿಕೆ ಭಕ್ತರಲ್ಲಿ ವ್ಯಾಪಕವಾಗಿದೆ, ಅದನ್ನು ಹರಡಿದವರಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ. ಸೈಂಧವವನ್ನು ಲವಣಗಳಲ್ಲಿ ಶ್ರೇಷ್ಠವೆಂದು ಶಾಸ್ತ್ರ ಹೇಳಿದ್ದು ನಿಜ. ಆದರೆ ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಮೂತ್ರಪಿಂಡ ಅದನ್ನು ಬೇರೆ ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ. ಗ್ಯಾಸ್ ಎಂದು ನಿತ್ಯ ಲವಣಭಾಸ್ಕರ ಚೂರ್ಣ ಸೇವಿಸುವವರು ಅದರ ಹೆಸರಿನಲ್ಲಿಯೇ ಏನಿದೆ ನೋಡಬೇಕು. ಕೆಮ್ಮಿಗೆ ಹಿತವಾದ ಜ್ಯೇಷ್ಠಮಧುವನ್ನು ತಿಂಗಳುಗಟ್ಟಲೆ ಸೇವಿಸಿದರೆ ಅದು ಆಲ್ಡೊಸ್ಟಿರೋನಿನಂತೆಯೇ ಉಪ್ಪನ್ನು ತಡೆದು ಪೊಟ್ಯಾಸಿಯಂ ಕಳೆಯುತ್ತದೆ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಮೂತ್ರಪಿಂಡ ಕುಂದಿದವರಿಗೆ ಅದು ಹೃದಯದ ಬಡಿತಕ್ಕೇ ಸಂಚಕಾರ ತರಬಹುದು. ನಾಟಿಯಲ್ಲಿ ಬಾಗಿ ಸೊಂಟ ಹಿಡಿದಾಗ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳದು ಇನ್ನೊಂದು ಕಥೆ. ಅವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತವೆ, ಉಪ್ಪನ್ನು ತಡೆಯುತ್ತವೆ, ಒತ್ತಡ ಏರಿಸುತ್ತವೆ.

ನಮ್ಮಲ್ಲಿಯೂ ರಕ್ತದೊತ್ತಡಕ್ಕೆ ಔಷಧವಿದೆ. ಸರ್ಪಗಂಧವನ್ನು 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಭಾರತೀಯ ವೈದ್ಯರು ಪರೀಕ್ಷಿಸಿ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಮ್ ಜಾಲ್ ವಕೀಲರು ಅದರ ಪ್ರಯೋಗವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತೇ ಅದನ್ನು ಬಳಸಿತು. ಆದರೆ ಸೇನ್ ಆಗಲಿ ವಕೀಲರಾಗಲಿ ಅಳೆಯದೆ ಕೊಡಲಿಲ್ಲ. ಪ್ರಮಾಣ ಮೀರಿದಾಗ ಅದು ಮನಸ್ಸನ್ನು ಖಿನ್ನಗೊಳಿಸುವುದೂ ಅಳೆದು ನೋಡಿದವರಿಗೇ ತಿಳಿದದ್ದು.

ಅಳೆಯದೆ ಕೊಟ್ಟ ಪಾಪ ನನ್ನದೂ ಇದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಶಿಕ್ಷಕರೊಬ್ಬರು, ನನ್ನ ಮೇಲಿನ ವಿಶ್ವಾಸದಿಂದ, ಗುಳಿಗೆ ಬಿಟ್ಟು ನನ್ನ ಔಷಧ ಮಾತ್ರ ಸೇವಿಸುತ್ತೇನೆಂದರು. ಬೇಡವೆನ್ನಲು ನನ್ನ ಅಭಿಮಾನ ಅಡ್ಡ ಬಂತು. ಗೋಕ್ಷುರ, ಪುನರ್ನವೆ ಕೊಟ್ಟೆ. ತಲೆನೋವಿಲ್ಲ ಎಂದಾಗ ಹಿಗ್ಗಿದೆ. ಮೂತ್ರ ಪರೀಕ್ಷೆ ಮಾಡಿಸಲೇ ಇಲ್ಲ. ಮೂರನೆಯ ವರ್ಷ ಅವರ ಕಾಲು ಬಾತುಕೊಂಡಿತು. ಅಂದು ಡಯಾಲಿಸಿಸ್ ಎಂದರೆ ದೂರದ ಊರು, ಮನೆ ಮಾರುವ ಖರ್ಚು. ಅವರು ಹೆಚ್ಚು ಕಾಲ ಉಳಿಯಲಿಲ್ಲ. ಅವರ ಮಗ ಇಂದಿಗೂ ಎದುರು ಸಿಕ್ಕರೆ ನಮಸ್ಕರಿಸುತ್ತಾನೆ; ನನಗೆ ತಲೆ ಎತ್ತಲಾಗುವುದಿಲ್ಲ.

ಅಂದಿನಿಂದ ನನ್ನಲ್ಲಿ ಒಂದು ನಿಯಮವಿದೆ: ರಕ್ತದೊತ್ತಡ, ಕ್ರಿಯಾಟಿನೈನ್, ಮೂತ್ರದ ಆಲ್ಬುಮಿನ್ ನೋಡದೆ ಇಂಥ ರೋಗಿಗೆ ನಾನು ಔಷಧ ಬರೆಯುವುದಿಲ್ಲ, ಗುಳಿಗೆ ಕಡಿಮೆ ಮಾಡುವುದಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರೇ ಮಾಡಬೇಕು. ನನ್ನ ಆಯುರ್ವೇದ ಬಂಧುಗಳೂ ಹೀಗೆ ಮಾಡಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಉಚಿತವಾಗಿ ನೋಡುತ್ತಾರೆ. ಪರೀಕ್ಷೆಗೆ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬಸ್ಸಿಳಿದು ಓಡಿ ಬಂದು ಕೈ ಚಾಚಬಾರದು.

ಶ್ರೀಮಠದ ದಾಸೋಹದ ಬಗ್ಗೆಯೂ ಒಂದು ವಿನಂತಿ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಮೊದಲೇ ಬಡಿಸುವ ಬದಲು, ಕೇಳಿದವರಿಗೆ ಮಾತ್ರ ನೀಡಿದರೆ ಹೇಗೆ? ಬಡಿಸಿದ್ದನ್ನು ಪ್ರಸಾದವೆಂದು ಬಿಡದೆ ಉಣ್ಣುವ ಹಿರಿಯರೇ ನಮ್ಮಲ್ಲಿ ಹೆಚ್ಚು, ಬಿ.ಪಿ. ಇರುವವರೂ ಅವರಲ್ಲಿಯೇ ಹೆಚ್ಚು.

ಬೀಡಿ ಭಾಗದ ಆ ರೈತರ ವರದಿ ಬಂದಾಗ ಕ್ರಿಯಾಟಿನೈನ್ 1.9 ಇತ್ತು, ಮೂತ್ರದಲ್ಲಿ ಆಲ್ಬುಮಿನ್ ಎರಡು ಪ್ಲಸ್. ಬೆಳಗಾವಿಯ ಮೂತ್ರಪಿಂಡ ತಜ್ಞರ ಬಳಿ ಕಳಿಸಿದೆ. ಗುಳಿಗೆ ಮತ್ತೆ ಶುರುವಾಗಿದೆ, ಕಷಾಯವೂ ನೋವಿನ ಮಾತ್ರೆಯೂ ನಿಂತಿವೆ. ಮೊಣಕಾಲಿಗೆ ನನ್ನ ಎಣ್ಣೆ ಮಾತ್ರ. ಕಳೆದ ಸಲ 138/86 ಇತ್ತು. ಉಪ್ಪಿನಕಾಯಿಯ ಬಗ್ಗೆ ಕೇಳಿದಾಗ ಅವರು ಗೋಡೆ ನೋಡಿದರು, ಪತ್ನಿ ಉತ್ತರಿಸಿದರು: ‘ಭರಣಿ ನಾಗಂದಿಗಿ ಮ್ಯಾಲೆ ಇಟ್ಟೇನ್ರಿ ಡಾಕ್ಟ್ರ. ಆದ್ರ ಮೊಣಕಾಲ ನೋವು ಕಡಿಮಿ ಆದಾಗಿಂದ ಸ್ಟೂಲ್ ಹತ್ತಾಕತ್ತಾರ.’